ಅದೇ ನಂಬರ್, ಬೇರೆ ಹೆಸರು: ಅಪ್ಪ ಓಡಿಸಿದ ಎಂಜಿನ್ ಇದೇನಾ?

ಪ್ರಶ್ನೆ: ನಮ್ಮ ತಂದೆ ಅರಸೀಕೆರೆಯಲ್ಲಿ ರೈಲ್ವೆ ಡ್ರೈವರ್ ಆಗಿದ್ದರು. ಅವರ ಹಳೇ ಡೈರಿಗಳು ನನ್ನ ಹತ್ತಿರ ಇವೆ. 80ರ ದಶಕದ ಪುಟಗಳಲ್ಲಿ ‘ವೈಡಿಎಂ-4ಎ’ ಅಂತ ಬರೆದಿದ್ದಾರೆ. 1997ರ ಒಂದು ಪುಟದಲ್ಲಿ ಒಂದು ಐದಂಕಿ ನಂಬರ್, ಅದರ ಮುಂದೆ ‘ಡಬ್ಲ್ಯೂಡಿಎಂ-2, ಡ್ಯುಯಲ್’ ಅಂತಿದೆ. 2011ರಲ್ಲಿ ಬೆಂಗಳೂರಿನಲ್ಲಿ ನಾನೇ ಅದೇ ನಂಬರಿನ ಎಂಜಿನ್ ಫೋಟೋ ತೆಗೆದೆ. ಅದರ ಮೇಲೆ ‘ಡಬ್ಲ್ಯೂಡಿಎಂ-3ಎ’ ಎಂದಿತ್ತು, ನಂಬರಿನ ಕೊನೆಗೆ ‘ಆರ್’ ಇತ್ತು. ಹಳೇ ನಂಬರನ್ನು ಹೊಸ ಎಂಜಿನ್‌ಗೆ ಕೊಟ್ಟಿರುತ್ತಾರೆ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಇನ್ನೊಬ್ಬನ ಪ್ರಕಾರ ಹಳೇ ಎಂಜಿನ್‌ಗೆ ಬಣ್ಣ ಬಳಿದು ಹೊಸ ಹೆಸರು ಹಚ್ಚಿದ್ದಾರೆ, ಅಷ್ಟೇ. ಅಮೆರಿಕದಲ್ಲಿರುವ ನನ್ನ ತಮ್ಮ, ‘ಇಲ್ಲಿ ಎಲ್ಲ ಸ್ಪಷ್ಟ, ಡ್ಯಾಶ್-2 ಅಂದರೆ ರೀಬಿಲ್ಡ್’ ಅನ್ನುತ್ತಾನೆ. ಅಪ್ಪನ ನೆನಪಿಗೆ ಆ ಎಂಜಿನ್ನಿನ ಒಂದು ಮಾಡೆಲ್ ಮಾಡಿಸುತ್ತಿದ್ದೇನೆ. ಅದರ ಮೇಲೆ ಯಾವ ಹೆಸರು ಬರೆಸಲಿ?

ಉತ್ತರ: ಅದು ಅದೇ ಎಂಜಿನ್. ನಂಬರ್ ಹೊಂದಿದೆ, ಕೊನೆಗೆ ‘ಆರ್’ ಇದೆ. ಆರ್ ಅಂದರೆ ರೀಬಿಲ್ಡ್. ಹೊಸ ಎಂಜಿನ್‌ಗೆ ಹಳೇ ನಂಬರ್ ಕೊಟ್ಟಿದ್ದರೆ ಆರ್ ಹಾಕುವ ಗೋಜಿಗೇ ಹೋಗುತ್ತಿರಲಿಲ್ಲ. ಆದರೆ ‘ಅದೇ’ ಅನ್ನೋ ಮಾತಿಗೆ ಸ್ವಲ್ಪ ವಿವರಣೆ ಬೇಕು. ಅದಕ್ಕೆ ಕೊನೆಗೆ ಬರುತ್ತೇನೆ.

ನಿಮ್ಮ ಇಬ್ಬರು ಗೆಳೆಯರೂ ಒಂದು ಮಾತನ್ನು ನಂಬಿಕೊಂಡಿದ್ದಾರೆ. ಎಂಜಿನ್ನಿನ ಹೆಸರು ಅದು ಹುಟ್ಟಿದ ದಿನ ಬರುತ್ತದೆ, ಹೆಸರು ಬದಲಾದರೆ ಏನೋ ಮೋಸ ಇದೆ ಅಂತ. ನಾನು ಮೂವತ್ತು ವರ್ಷ ಡೀಸೆಲ್ ಶೆಡ್‌ಗಳಲ್ಲಿ ಕೆಲಸ ಮಾಡಿದವನು. ನಮಗೆ ಆ ಹೆಸರು ಒಂದು ಚೀಟಿ ಇದ್ದ ಹಾಗೆ. ಈ ಲೋಕೋವನ್ನು, ಅಂದರೆ ರೈಲು ಎಂಜಿನ್ನನ್ನು, ಯಾವ ಗಾಡಿಗೆ ಹಾಕಬಹುದು, ಎಷ್ಟು ಎಳೆಯುತ್ತದೆ, ಬ್ರೇಕ್ ಯಾವುದು ಅಂತ ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್‌ನವರಿಗೂ ಡ್ರೈವರಿಗೂ ಹೇಳಬೇಕು, ಅದಕ್ಕೆ ಇರೋದು ಅದು. ಅವರಿಗೆ ಗೊತ್ತಿರಲೇಬೇಕಾದ ಸಂಗತಿ ಬದಲಾದಾಗ ಹೆಸರು ಬದಲಾಗುತ್ತದೆ. ಮಿಕ್ಕಿದ್ದು ಏನೇ ಬದಲಾದರೂ ಹೆಸರು ಹಾಗೇ ಇರುತ್ತದೆ.

ಮೊದಲು ಅಕ್ಷರಗಳನ್ನು ನೋಡೋಣ. ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್. ವೈ ಅಂದರೆ ಮೀಟರ್‌ಗೇಜ್. ಡಿ ಡೀಸೆಲ್. ಎಂ ಅಂದರೆ ಮಿಕ್ಸೆಡ್, ಪ್ಯಾಸೆಂಜರಿಗೂ ಗೂಡ್ಸಿಗೂ ಆಗುವಂಥದ್ದು. ಪಿ ಪ್ಯಾಸೆಂಜರ್, ಜಿ ಗೂಡ್ಸ್, ಎಸ್ ಶಂಟಿಂಗ್. ಇಲ್ಲಿವರೆಗೆ ತಕರಾರಿಲ್ಲ. ಗೋಜಲು ಶುರುವಾಗೋದು ಆಮೇಲೆ ಬರುವ ಅಂಕಿಯಿಂದ, ಅದಕ್ಕಿಂತ ಜಾಸ್ತಿ ಅಂಕಿಯ ಬಾಲದಲ್ಲಿರುವ ಅಕ್ಷರದಿಂದ.

ಅಂಕಿ ಮೊದಲು ಬರೀ ಸರದಿ ಸಂಖ್ಯೆಯಾಗಿತ್ತು. ಮೊದಲು ಬಂದದ್ದು 1, ಮುಂದಿನದು 2. ಡಬ್ಲ್ಯೂಡಿಎಂ-2 ಅಂದರೆ ಅಮೆರಿಕದ ಆಲ್ಕೋ ಕಂಪನಿಯ ಡಿಎಲ್560ಸಿ ಮಾಡೆಲ್. 1962ರಲ್ಲಿ ಮೊದಲ ಎಂಜಿನ್‌ಗಳು ಹಡಗಿನಲ್ಲಿ ಬಂದವು, 1964ರ ಜನವರಿಯಿಂದ ವಾರಾಣಸಿಯ ಕಾರ್ಖಾನೆಯಿಂದಲೇ ಹೊರಬರತೊಡಗಿದವು. 16 ಸಿಲಿಂಡರ್, 2600 ಎಚ್‌ಪಿ. ಅದೇ 1962ರಲ್ಲಿ ಆಲ್ಕೋದ ಪೈಪೋಟಿ ಕಂಪನಿ ಇಎಂಡಿ ಕಳಿಸಿದ ಎಂಜಿನ್ ಡಬ್ಲ್ಯೂಡಿಎಂ-4. ಅದೂ 2600 ಎಚ್‌ಪಿಯದೇ. 4 ಅಂದರೆ ನಾಲ್ಕು ಸಾವಿರವೂ ಅಲ್ಲ, ನಾಲ್ಕನೇ ತಲೆಮಾರೂ ಅಲ್ಲ. ನಡುವಿನ ಡಬ್ಲ್ಯೂಡಿಎಂ-3 ಜರ್ಮನಿಯ ಹೆನ್‌ಶೆಲ್ ಕಂಪನಿಯ ಡೀಸೆಲ್-ಹೈಡ್ರಾಲಿಕ್ ಎಂಜಿನ್. ಅದಕ್ಕೂ ನಿಮ್ಮ ಫೋಟೋದಲ್ಲಿರುವ 3ಎಗೂ ದೂರದ ನೆಂಟಸ್ತಿಕೆಯೂ ಇಲ್ಲ.

2000ದ ದಶಕದ ಆರಂಭದಲ್ಲಿ ಪದ್ಧತಿ ಬದಲಾಯಿತು. ಮೇನ್‌ಲೈನ್ ಡೀಸೆಲ್‌ಗಳಲ್ಲಿ ಅಂಕಿ ಅಂದರೆ ಸಾವಿರ ಎಚ್‌ಪಿ, ಮುಂದಿನ ಅಕ್ಷರ ಅಂದರೆ ನೂರು ಎಚ್‌ಪಿ. ಎ ನೂರು, ಬಿ ಇನ್ನೂರು, ಹೀಗೆ. ಹಾಗಾಗಿ 3ಎ ಅಂದರೆ 3100. ಆದರೆ ಹಳೇ ಡಬ್ಲ್ಯೂಡಿಎಂ-2ರ ಹೆಸರನ್ನು ಮುಟ್ಟಲಿಲ್ಲ. ಹೊಸ ಲೆಕ್ಕದಲ್ಲಿ ಅದು 2ಎಫ್ ಆಗಬೇಕಿತ್ತು. ಅಂದರೆ ಎರಡು ಪದ್ಧತಿಗಳು ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತವು. ಒಂದೇ ಊರಿನಲ್ಲಿ ಹಳೇ ಸರ್ವೆ ನಂಬರೂ ಹೊಸ ಡೋರ್ ನಂಬರೂ ಎರಡೂ ನಡೆಯುತ್ತವಲ್ಲ, ಹಾಗೆ.

ಈಗ ನಿಮ್ಮ ತಂದೆಯ ಡೈರಿಗೆ ಬನ್ನಿ. ಅದರಲ್ಲಿ ‘ವೈಡಿಎಂ-4ಎ’ ಇದೆ. ನಿಮ್ಮ ಫೋಟೋದಲ್ಲಿ ‘3ಎ’ ಇದೆ. ಈ ಎರಡು ‘ಎ’ಗಳಿಗೆ ಸಂಬಂಧವೇ ಇಲ್ಲ. ಮೀಟರ್‌ಗೇಜಿನ ವೈಡಿಎಂ-4 ಕೂಡ ಆಲ್ಕೋ ವಿನ್ಯಾಸವೇ, ಆರು ಸಿಲಿಂಡರಿನದು. ಅದೇ ಎಂಜಿನ್ ಕೆನಡಾದ ಮಾಂಟ್ರಿಯಲ್ ಕಾರ್ಖಾನೆಯಿಂದ ಬಂದರೆ 4ಎ. ಅಲ್ಲಿ ಎ ಅಂದರೆ ‘ಬೇರೆ ಕಾರ್ಖಾನೆಯದು’ ಅಂತ. ಫೋಟೋದಲ್ಲಿ ಎ ಅಂದರೆ ನೂರು ಎಚ್‌ಪಿ. ಇವೆರಡರ ನಡುವೆ ಮೂರನೇ ‘ಎ’ ಒಂದಿದೆ. ಅದು ಡಬ್ಲ್ಯೂಡಿಎಂ-2ಎ. ಆ ಎ ನನಗೆ ಒಂದು ರಾತ್ರಿ ಚೆನ್ನಾಗಿ ಪಾಠ ಕಲಿಸಿದೆ.

90ರ ದಶಕದ ಶುರುವಿನ ಮಾತು. ನಾನಾಗ ದಕ್ಷಿಣದ ಒಂದು ಶೆಡ್ಡಿನಲ್ಲಿ ಹೊಸಬ. ಆಗ ನಮ್ಮ ಗಾಡಿಗಳು ವ್ಯಾಕ್ಯೂಮ್ (ನಿರ್ವಾತದ) ಬ್ರೇಕಿನಿಂದ ಏರ್ (ಒತ್ತಿದ ಗಾಳಿಯ) ಬ್ರೇಕಿಗೆ ಬದಲಾಗುತ್ತಿದ್ದ ಕಾಲ. ಅರ್ಧ ಗಾಡಿ ಅದು, ಅರ್ಧ ಗಾಡಿ ಇದು. ಹಳೇ ಡಬ್ಲ್ಯೂಡಿಎಂ-2ಗೆ ಆಮೇಲೆ ಏರ್ ಬ್ರೇಕ್ ಜೋಡಿಸಿದರೆ 2ಎ ಅನ್ನುತ್ತಿದ್ದೆವು. ಅದು ಸಾಮಾನ್ಯವಾಗಿ ಎರಡೂ ಬ್ರೇಕಿನ ಗಾಡಿ ಎಳೆಯುತ್ತಿತ್ತು. ಶೆಡ್ ಭಾಷೆಯಲ್ಲಿ ‘ಡ್ಯುಯಲ್’. ಕಾರ್ಖಾನೆಯಿಂದಲೇ ಏರ್ ಬ್ರೇಕ್ ಹಾಕಿಕೊಂಡು ಬಂದದ್ದು 2ಬಿ. ಅದರಲ್ಲಿ ವ್ಯಾಕ್ಯೂಮ್ ಇರುತ್ತಿದ್ದದ್ದು ಅಪರೂಪ. ಆ ರಾತ್ರಿ ಕಂಟ್ರೋಲ್‌ನಿಂದ ಫೋನ್ ಬಂತು, ವ್ಯಾಕ್ಯೂಮ್ ಗೂಡ್ಸ್ ಒಂದಕ್ಕೆ ಲೋಕೋ ಬೇಕು ಅಂತ. ನಾನು ರಿಜಿಸ್ಟರ್ ನೋಡಿದೆ, 2ಎ ಅಂತಿತ್ತು, ಕಳಿಸಿದೆ. ಮುಕ್ಕಾಲು ಗಂಟೆ ಬಿಟ್ಟು ಯಾರ್ಡಿನಿಂದ ಡ್ರೈವರ್ ಫೋನು: ‘ಸಾರ್, ಪೈಪೇ ಇಲ್ಲವಲ್ಲ!’

ವ್ಯಾಕ್ಯೂಮ್ ಪೈಪು ತೋಳಿನಷ್ಟು ದಪ್ಪ. ಸುತ್ತಲೂ ಬಳೆಬಳೆಯಾಗಿ ಪಕ್ಕೆ ಇರುತ್ತದೆ. ಲೋಕೋದ ತುದಿಯ ಅಡ್ಡತೊಲೆಯಿಂದ, ಅಂದರೆ ಬಫರ್ ಬೀಮಿನಿಂದ, ಆನೆ ಸೊಂಡಿಲಿನ ಹಾಗೆ ಇಳಿಬಿದ್ದಿರುತ್ತದೆ. ಏರ್ ಪೈಪು ಅದಕ್ಕಿಂತ ಸಣ್ಣದು, ನಯ. ಕತ್ತಲಲ್ಲಿ ಕೈಯಾಡಿಸಿದರೂ ಗೊತ್ತಾಗುವಷ್ಟು ವ್ಯತ್ಯಾಸ. ಲೋಕೋ ಹತ್ತಿರ ಹೋಗಿ ಒಂದು ಸಲ ನೋಡಿದ್ದರೆ ಸಾಕಿತ್ತು. ಅದು 2ಬಿ ಆಗಿತ್ತು. ರಿಜಿಸ್ಟರಿನಲ್ಲಿ ಆ ಸಾಲನ್ನು ತಪ್ಪಾಗಿ ಬರೆದವನೂ ನಾನೇ, ಹಿಂದಿನ ವಾರ. ಗಾಡಿ ಎರಡೂವರೆ ಗಂಟೆ ನಿಂತಿತು. ಬೆಳಗ್ಗೆ ಬೈಸಿಕೊಂಡದ್ದನ್ನು ಇಲ್ಲಿ ಬರೆಯುವುದು ಬೇಡ.

ನಿಮ್ಮ ಎಂಜಿನ್ ಕತೆಯನ್ನು ಈಗ ಜೋಡಿಸಬಹುದು. ಅದು ಹುಟ್ಟಿದ್ದು ಡಬ್ಲ್ಯೂಡಿಎಂ-2 ಆಗಿ, ಬಹುಶಃ 70ರ ದಶಕದ ಕೊನೆಗೋ 80ರ ಶುರುವಿಗೋ. ಏರ್ ಬ್ರೇಕ್ ಕೂಡಿಸಿದ ಮೇಲೆ ಕಾಗದದಲ್ಲಿ 2ಎ. ಲೋಕೋ ಆಯಸ್ಸನ್ನು ರೈಲ್ವೆ 36 ವರ್ಷ ಅಂತ ಹಿಡಿಯುತ್ತದೆ. ಅರ್ಧ ದಾರಿಯಲ್ಲಿ, ಅಂದರೆ ಸುಮಾರು 18 ವರ್ಷಕ್ಕೆ, ಅದನ್ನು ಪಂಜಾಬಿನ ಪಟಿಯಾಲಕ್ಕೆ ಕಳಿಸುತ್ತಿದ್ದೆವು. 1981ರಲ್ಲಿ ಡೀಸೆಲ್ ಬಿಡಿಭಾಗಗಳ ಕಾರ್ಖಾನೆ ಅಂತ ಶುರುವಾದ ಜಾಗ ಅದು. 2003ರಲ್ಲಿ ಡೀಸೆಲ್ ಲೋಕೋ ಮಾಡರ್ನೈಸೇಷನ್ ವರ್ಕ್ಸ್ ಆಯಿತು, ಈಗ ಪಟಿಯಾಲ ಲೋಕೋಮೋಟಿವ್ ವರ್ಕ್ಸ್. ಹೆಸರು ಬದಲಾಯಿಸಿಕೊಳ್ಳುವ ಚಟ ಎಂಜಿನ್‌ಗಳಿಗೆ ಮಾತ್ರ ಅಲ್ಲ, ನೋಡಿ.

ಅಲ್ಲಿ ನಡೆಯುತ್ತಿದ್ದದ್ದು ಬಣ್ಣ ಬಳಿಯುವ ಕೆಲಸ ಅಲ್ಲ. ಲೋಕೋವನ್ನು ಪೂರ್ತಿ ಬಿಚ್ಚುತ್ತಿದ್ದರು. ಬೋಗಿ (ಚಕ್ರಗಳ ಕಟ್ಟು) ಒಂದು ಕಡೆ, ಡೀಸೆಲ್ ಎಂಜಿನ್ ಒಂದು ಕಡೆ. ಹಳೇ ವೈರುಗಳನ್ನು ಕಿತ್ತು ಹಾಕುತ್ತಿದ್ದರು. ಕೊನೆಗೆ ತಳದ ಉಕ್ಕಿನ ಚೌಕಟ್ಟು, ಅಂದರೆ ಅಂಡರ್‌ಫ್ರೇಮ್, ಒಂದೇ ಸ್ಟ್ಯಾಂಡಿನ ಮೇಲೆ ಉಳಿದಿರುತ್ತಿತ್ತು, ಮದುವೆ ಮುಗಿದ ಮೇಲಿನ ಚಪ್ಪರದ ಕಂಬಗಳ ಹಾಗೆ. ವಾಪಸು ಜೋಡಿಸುವಾಗ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊಚಾರ್ಜರ್, ಅದಕ್ಕೆ ತಕ್ಕಂತೆ ಹೆಚ್ಚು ಡೀಸೆಲ್ ಕೊಡುವ ದೊಡ್ಡ ಫ್ಯುಯೆಲ್ ಪಂಪು, ಬೇರೆ ಕ್ಯಾಮ್‌ಶಾಫ್ಟ್. ಸಿಲಿಂಡರ್ ಅಷ್ಟೇ 16, ಅಳತೆಯೂ ಅಷ್ಟೇ, 9 ಇಂಚು ಅಗಲ, ಹತ್ತೂವರೆ ಇಂಚು ಪಿಸ್ಟನ್ ಓಟ. ಗಾಳಿ ಜಾಸ್ತಿ, ಎಣ್ಣೆ ಜಾಸ್ತಿ, ಅದಕ್ಕೇ 2600 ಇದ್ದದ್ದು 3100 ಆಗುತ್ತಿತ್ತು. ಇದರ ಜೊತೆಗೆ ಡಿಸಿ ಜನರೇಟರ್ ಹೋಗಿ ಎಸಿ ಕರೆಂಟ್ ಕೊಡುವ ಆಲ್ಟರ್ನೇಟರ್ ಬರುತ್ತಿತ್ತು.

ಇಂಥ 3100ರ ಆಲ್ಕೋವನ್ನು ವಾರಾಣಸಿ 1994ರಿಂದ ಹೊಸದಾಗಿಯೂ ತಯಾರಿಸುತ್ತಿತ್ತು. ಅದರ ಹೆಸರು ಡಬ್ಲ್ಯೂಡಿಎಂ-2ಸಿ. ಪಟಿಯಾಲದಲ್ಲಿ ಆ ಮಟ್ಟಕ್ಕೆ ಏರಿಸಿದ ಹಳೇ ಎಂಜಿನ್‌ಗೂ ಅದೇ ಹೆಸರು ಬಂತು. ಹುಟ್ಟಿನಲ್ಲಿ ಇಪ್ಪತ್ತು ವರ್ಷದ ಅಂತರ ಇರುವ ಎರಡು ಲೋಕೋಗಳಿಗೆ ಒಂದೇ ಹೆಸರು, ಯಾಕಂದರೆ ಡ್ರೈವರಿಗೆ ಎರಡೂ ಒಂದೇ. ಆಮೇಲೆ ಹೊಸ ಪದ್ಧತಿ ಬಂದಾಗ 2ಸಿಗಳೆಲ್ಲ 3ಎ ಆದವು. ಒಂದು ನಟ್ಟೂ ಬಿಚ್ಚಲಿಲ್ಲ. ಈ ಒಂದು ಸಲ ಮಾತ್ರ ನಿಮ್ಮ ಎರಡನೇ ಗೆಳೆಯ ಹೇಳಿದ್ದು ಸರಿ: ಬರೀ ಬಣ್ಣ, ಬರೀ ಹೆಸರು. ಗೂಡ್ಸಿನ ಡಬ್ಲ್ಯೂಡಿಜಿ-2 ಹೀಗೇ ಡಬ್ಲ್ಯೂಡಿಜಿ-3ಎ ಆಯಿತು, ಪ್ಯಾಸೆಂಜರಿನ ಡಬ್ಲ್ಯೂಡಿಪಿ-2 ಹೀಗೇ ಡಬ್ಲ್ಯೂಡಿಪಿ-3ಎ ಆಯಿತು.

‘ಆರ್’ ಬಗ್ಗೆ ಒಂದು ಎಚ್ಚರಿಕೆ. ಅದು ನಂಬರಿನ ಬಾಲ, ಹೆಸರಿನದ್ದಲ್ಲ. ರೀಬಿಲ್ಡ್ ಆಗಿದೆ ಅನ್ನೋದು ಅದರಿಂದ ಗೊತ್ತಾಗುತ್ತದೆ, ಎಷ್ಟು ಎಚ್‌ಪಿ ಅನ್ನೋದು ಗೊತ್ತಾಗಲ್ಲ. ಶಕ್ತಿ ಏರಿಸದೆ 2600ರಲ್ಲೇ ಬಿಟ್ಟ ರೀಬಿಲ್ಡ್‌ಗಳೂ ಇದ್ದವು. ಅವು ಡಬ್ಲ್ಯೂಡಿಎಂ-2 ಆಗಿಯೇ ಉಳಿದವು, ಆರ್ ಹೊತ್ತುಕೊಂಡು.

ಅಕ್ಷರ ನೋಡಿ ಎಚ್‌ಪಿ ಲೆಕ್ಕ ಹಾಕುವವರಿಗೆ ಇನ್ನೊಂದು ಗುಂಡಿ ಇದೆ. ಡಬ್ಲ್ಯೂಡಿಎಂ-3ಡಿ ಲೆಕ್ಕದ ಪ್ರಕಾರ 3400 ಆಗಬೇಕು, ಇರೋದು 3300. ಹುಬ್ಬಳ್ಳಿ ಶೆಡ್ಡಿನ ಇಎಂಡಿಗಳನ್ನು ನೋಡಿ. ಡಬ್ಲ್ಯೂಡಿಪಿ-4 ಅಂದರೆ 4000 ಎಚ್‌ಪಿ, ಲೆಕ್ಕ ಸರಿ. ಡಬ್ಲ್ಯೂಡಿಪಿ-4ಬಿ ಅಂದರೆ 4200 ಅಂದುಕೊಂಡರೆ ಕೆಟ್ಟಿರಿ, ಅದು 4500. ಅಲ್ಲಿ ಬಿ ಹೇಳೋದು ಬೇರೆಯದನ್ನು. ಮೊದಲಿನದರಲ್ಲಿ ಚಕ್ರ ತಿರುಗಿಸುವ ಟ್ರ್ಯಾಕ್ಷನ್ ಮೋಟಾರ್ ನಾಲ್ಕು ಇದ್ದವು, ಇದರಲ್ಲಿ ಆರು. 4ಡಿ ಕೂಡ 4500ರದ್ದೇ, ಆದರೆ ಎರಡೂ ತುದಿಗೆ ಕ್ಯಾಬ್, ಅಂದರೆ ಡ್ರೈವರ್ ಕೋಣೆ. ಅಂದರೆ ಪದ್ಧತಿ ಬರೆದ ಮಸಿ ಒಣಗುವ ಮೊದಲೇ ಅದನ್ನು ಬಿಟ್ಟಾಗಿತ್ತು. ನನಗೆ ಇದರ ಮೇಲೆ ಸಿಟ್ಟಿಲ್ಲ. ಶೆಡ್ಡಿನಲ್ಲಿ ಯಾರೂ ಅಕ್ಷರ ಕೂಡಿಸಿ ಎಚ್‌ಪಿ ಕಂಡುಹಿಡಿಯುವುದಿಲ್ಲ, ಹೆಸರನ್ನು ಸುಮ್ನೆ ಬಾಯಿಪಾಠ ಮಾಡಿರುತ್ತೇವೆ.

ನಿಮ್ಮ ತಮ್ಮನಿಗೆ ಒಂದು ಮಾತು. ಅಮೆರಿಕದಲ್ಲಿ ಎಲ್ಲ ಸ್ಪಷ್ಟ ಅನ್ನೋದು ದೂರದ ಬೆಟ್ಟ ನುಣ್ಣಗೆ ಅನ್ನೋ ಹಾಗೆ. ಅಲ್ಲಿನ ಎಸ್‌ಡಿ40-2 ಎಂಜಿನ್ ಹೆಸರಿನಲ್ಲಿರುವ ಡ್ಯಾಶ್-2 ರೀಬಿಲ್ಡ್ ಅಲ್ಲವೇ ಅಲ್ಲ. 1972ರಲ್ಲಿ ಇಎಂಡಿ ಕಂಪನಿಯೇ ಹೊಸ ವಿದ್ಯುತ್ ಕಂಟ್ರೋಲ್ ಹಾಕಿ ಹೊಸದಾಗಿ ಮಾರಿದ ಸಾಲು ಅದು. ಡ್ಯಾಶ್-3 ಮಾತ್ರ ಕಂಪನಿಯ ಕ್ಯಾಟಲಾಗಿನಲ್ಲಿ ಇಲ್ಲ. ಹಳೆಯದನ್ನು ಕೊಂಡು ಕಂಪ್ಯೂಟರ್ ಕಂಟ್ರೋಲ್ ಹಾಕಿದ ರೈಲ್ವೆಗಳು, ರೀಬಿಲ್ಡ್ ಮಾಡುವವರು ತಾವೇ ಕೊಟ್ಟುಕೊಂಡ ಹೆಸರು. ಅಲ್ಲಿ ತಯಾರಕರ ಮಾಡೆಲ್ ಹೆಸರನ್ನೇ ಹೆಚ್ಚಿನವರು ಬಳಸುತ್ತಾರೆ. ಹಾಗಾಗಿ ರೀಬಿಲ್ಡ್ ಮಾಡಿದವರು ಆ ಸಾಲಿನಲ್ಲೇ ಖಾಲಿ ಜಾಗ ಹುಡುಕುತ್ತಾರೆ. ಇಲಿನಾಯ್ ಸೆಂಟ್ರಲ್ ರೈಲ್ವೆಯ ಪಡೂಕಾ ವರ್ಕ್‌ಶಾಪು ಮಾಡಿದ್ದು ನನಗೆ ತುಂಬ ಇಷ್ಟ. ಇಎಂಡಿ ಮಾರಿದ್ದು ಜಿಪಿ7 ಮತ್ತು ಜಿಪಿ9. ಜಿಪಿ8 ಅನ್ನೋದನ್ನು ಅದು ಮಾಡಲೇ ಇಲ್ಲ, ಜಿಪಿ10 ಕೂಡ ಇಲ್ಲ. ಪಡೂಕಾದವರು ಏಳನ್ನು ರೀಬಿಲ್ಡ್ ಮಾಡಿ ಎಂಟು ಅಂದರು, ಒಂಬತ್ತನ್ನು ಹತ್ತು ಅಂದರು. ಬಸ್ಸಿನಲ್ಲಿ ಖಾಲಿ ಸೀಟಿಗೆ ಟವೆಲ್ ಹಾಕಿದಂತೆ.

ಸಾಂಟಾ ಫೆ ರೈಲ್ವೆಯ ಸಿಎಫ್7 ಇನ್ನೂ ಸ್ವಾರಸ್ಯ. ಸಿ ಅಂದರೆ ಕನ್ವರ್ಟೆಡ್. ಮೂಲ ಎಫ್7 ಎಂಜಿನ್ನಿನಲ್ಲಿ ಭಾರ ಹೊರುತ್ತಿದ್ದದ್ದೇ ಅದರ ಗೋಡೆ, ಸೇತುವೆಯ ಪಕ್ಕದ ಕಟ್ಟಿನ ಹಾಗೆ. ಟೆಕ್ಸಸ್‌ನ ಕ್ಲೀಬರ್ನ್‌ನಲ್ಲಿ ಆ ಮೈಯನ್ನೇ ಕತ್ತರಿಸಿ ಎಸೆದರು, ಹಾಗಾಗಿ ಕೆಳಗೆ ಹೊಸ ಫ್ರೇಮನ್ನೇ ಕಟ್ಟಬೇಕಾಯಿತು. 1970ರಿಂದ 78ರವರೆಗೆ ಹೀಗೆ 233 ಎಂಜಿನ್. ಮೈ ಹೋಯಿತು, ಫ್ರೇಮೂ ಹೊಸದು, ಆದರೂ ಹೆಸರಿನಲ್ಲಿ ಎಫ್7 ಉಳಿಯಿತು. ಬ್ರಿಟನ್ನಿನಲ್ಲಿ ಇದಕ್ಕೆ ಉಲ್ಟಾ: ಕ್ಲಾಸ್ 47ಕ್ಕೆ ಇಎಂಡಿ ಎಂಜಿನ್ ಕೂರಿಸಿದ್ದೇ ತಡ ಅದು ಕ್ಲಾಸ್ 57 ಆಯಿತು, ಮೈ ಹಳೆಯದೇ ಆದರೂ.

ನಮ್ಮಲ್ಲೂ ಆ ‘ಸಿ’ ಬಂದಿದೆ. 2018ರಲ್ಲಿ ವಾರಾಣಸಿಯಲ್ಲಿ ಎರಡು ಹಳೇ ಡಬ್ಲ್ಯೂಡಿಜಿ-3ಎ ಡೀಸೆಲ್‌ಗಳನ್ನು ಜೋಡಿಸಿ 10,000 ಎಚ್‌ಪಿಯ ಎಲೆಕ್ಟ್ರಿಕ್ ಮಾಡಿದರು. ಹೆಸರು ಡಬ್ಲ್ಯೂಎಜಿಸಿ-3. ಡೀಸೆಲಿನ ಡಿ ಜಾಗಕ್ಕೆ ಎಸಿ ಕರೆಂಟಿನ ಎ ಬಂತು. ನಾಲ್ಕನೇ ‘ಎ’!

ಇನ್ನು ಮಾಡೆಲ್ ವಿಷಯ. ನಿಮಗೆ ಮೂರು ದಾರಿ ಇವೆ.

ಫೋಟೋದಲ್ಲಿ ಕಂಡದ್ದನ್ನು ಹಾಗೇ ಬರೆಸಬಹುದು: 3ಎ, ನಂಬರಿಗೆ ಆರ್. 2011ರ ಮಟ್ಟಿಗೆ ಅದು ತಪ್ಪಲ್ಲ. ಆದರೆ ನಿಮ್ಮ ತಂದೆ 1997ರಲ್ಲಿ ಹತ್ತಿದ್ದು ಆ ಎಂಜಿನ್ ಅಲ್ಲ. ಅವರ ಕೈಗೆ ಸಿಕ್ಕಿದ್ದು 2600 ಎಚ್‌ಪಿ, 3ಎ ಅನ್ನೋ ಹೆಸರನ್ನು ಆಗ ಯಾರೂ ಕೇಳಿರಲಿಲ್ಲ.

ಲೋಕೋ ಮೇಲಿನ ತಯಾರಿಕೆಯ ಫಲಕವನ್ನು ನಂಬಬಹುದು. ಅದರಲ್ಲಿ ಅಪಾಯ ಜಾಸ್ತಿ. ಫಲಕ ಹುಟ್ಟಿದ ವರ್ಷ ಹೇಳುತ್ತದೆ, ನಡುವೆ ಆದದ್ದನ್ನು ಹೇಳಲ್ಲ. ಬಣ್ಣದಲ್ಲಿ ಬರೆದ ಹೆಸರೂ ಅಷ್ಟೇ, ಹಳೇ ಸ್ಟೆನ್ಸಿಲ್ ಹಾಗೇ ಉಳಿದು ವರ್ಷಗಟ್ಟಲೆ ಓಡಿದ ಲೋಕೋಗಳನ್ನು ನಾನೇ ನೋಡಿದ್ದೇನೆ. ಪ್ಲಾಟ್‌ಫಾರಂನಲ್ಲಿ ನಿಂತು 2 ಯಾವುದು, ರೀಬಿಲ್ಡ್ ಆದ 3ಎ ಯಾವುದು ಅಂತ ಮೈ ನೋಡಿ ಹೇಳುವುದೂ ಕಷ್ಟ. ಆಲ್ಟರ್ನೇಟರ್ ಹೊರಗೆ ಕಾಣುವ ವಸ್ತುವಲ್ಲ.

ಮೂರನೆಯದು, ನಾನಾದರೆ ಮಾಡುವುದು: ಡೈರಿಯ ದಿನಾಂಕಕ್ಕೆ ಎಂಜಿನ್ನನ್ನು ಕಟ್ಟಿಹಾಕಿ. ನಂಬರ್ ಬರೆಸಿ, ಕೊನೆಯ ಆರ್ ಬೇಡ. ಹೆಸರು ಡಬ್ಲ್ಯೂಡಿಎಂ-2, ನಿಮ್ಮ ತಂದೆ ಬರೆದಂತೆಯೇ. ಕಾಗದದ ಪ್ರಕಾರ ಅದು 2ಎ, ಆದರೆ ಎಷ್ಟೋ ಲೋಕೋಗಳ ಮೈಮೇಲೆ ಆ ಎ ಬರೆದಿರುತ್ತಿರಲಿಲ್ಲ. ಡ್ರೈವರುಗಳೂ ‘2’ ಅಂತಲೇ ಕರೆಯುತ್ತಿದ್ದರು. ಇದರಲ್ಲೂ ಒಂದು ಸಣ್ಣ ರಿಸ್ಕ್ ಇದೆ. 1997ರಲ್ಲಿ ಮೈಬಣ್ಣ ಯಾವುದಿತ್ತು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಊಹೆ ಮಾಡಬೇಕಾಗುತ್ತದೆ. ಶೆಡ್ಡಿಗೊಂದು ಬಣ್ಣ ಇದ್ದ ಕಾಲ ಅದು. ಆ ವರ್ಷದ ಯಾವುದಾದರೂ ಹಳೇ ಫೋಟೋ ಮನೆಯಲ್ಲಿದೆಯಾ ಹುಡುಕಿ.

‘ಅದೇ ಎಂಜಿನ್’ ಅನ್ನೋ ಮಾತಿಗೆ ವಿವರಣೆ ಬಾಕಿ ಇತ್ತು. ಅಂಡರ್‌ಫ್ರೇಮ್ ಉಳಿದರೆ ನಂಬರ್ ಉಳಿಯುತ್ತದೆ, ಅದು ಲೆಕ್ಕ. ಚಕ್ರ, ಟ್ರ್ಯಾಕ್ಷನ್ ಮೋಟಾರ್ ಶೆಡ್ಡಿನಲ್ಲೇ ಒಂದರಿಂದ ಒಂದಕ್ಕೆ ಹೋಗುತ್ತಲೇ ಇರುತ್ತವೆ. ನಿಮ್ಮ ತಂದೆ ಕೇಳಿಸಿಕೊಂಡ 16 ಸಿಲಿಂಡರಿನ ಆ ಎಂಜಿನ್ ಬ್ಲಾಕು ಪಟಿಯಾಲದಿಂದ ಬೇರೆ ಯಾವುದೋ ಲೋಕೋದ ಹೊಟ್ಟೆ ಸೇರಿರಬಹುದು. ಅವರು ನಿಂತ ಕ್ಯಾಬಿನ ನೆಲದ ಅಡಿಯ ಉಕ್ಕು ಮಾತ್ರ 2011ರಲ್ಲಿ ನಿಮ್ಮೆದುರು ಹಾದುಹೋದದ್ದೇ.

ಡೈರಿಯಲ್ಲಿರುವ ‘ಡ್ಯುಯಲ್’ ಪದವನ್ನು ಮಾಡೆಲ್ ಮಾಡುವವರಿಗೆ ತಪ್ಪದೆ ತೋರಿಸಿ. ಬಫರ್ ಬೀಮಿನಲ್ಲಿ ಸಣ್ಣ ಏರ್ ಪೈಪುಗಳ ಜೊತೆಗೆ ಆ ದಪ್ಪ, ಬಳೆಬಳೆಯ ವ್ಯಾಕ್ಯೂಮ್ ಪೈಪೂ ಇರಬೇಕು.